ನಳದ ನೀರು ನಿಂತ ಮೇಲೆ ಪೈಪಿನೊಳಗೆ ಏನಾಗುತ್ತದೆ?

ತೊಗರಿಯ ಕಾಯಿಕೊರಕದ ಬಗ್ಗೆ ಬರೆಯುವವನು ಈ ವಾರ ಕುಡಿಯುವ ನೀರಿನ ಮಾತು ಏಕೆ ತೆಗೆದನೆಂದು ನೀವು ಕೇಳಬಹುದು. ಮುಂಗಾರು ಬಿತ್ತನೆಯ ಹೊತ್ತಿನಲ್ಲೇ ಹಳ್ಳಿಗಳಲ್ಲಿ ವಾಂತಿಭೇದಿ ಕಾಣಿಸಿಕೊಳ್ಳುವುದುಂಟು. ಕೂರಿಗೆ ಹಿಡಿಯಬೇಕಾದವನು ಹಾಸಿಗೆ ಹಿಡಿದರೆ ಭೂಮಿಯ ಹದ ಅವನಿಗಾಗಿ ಕಾಯುವುದಿಲ್ಲ.

ಇಜೇರಿಯಂಥ ಜೇವರ್ಗಿ ಭಾಗದ ಊರುಗಳದು ಎರೆ ಮಣ್ಣು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆ ಬಿದ್ದೊಡನೆ ಉಬ್ಬುತ್ತದೆ. ಓಣಿಯಲ್ಲಿ ಹೂಳಿದ ಪೈಪನ್ನೂ ಅದು ಹೀಗೆಯೇ ಎಳೆದಾಡುವುದರಿಂದ ಜೋಡಣೆಗಳು ಸಡಿಲಾಗುತ್ತವೆ. ನೀರು ಬಿಟ್ಟಾಗ ಅಲ್ಲಿ ಸೋರುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಕಾಣದಿರುವುದು ನೀರು ನಿಂತ ಮೇಲಿನ ಕೆಲಸ. ಖಾಲಿಯಾಗುವ ಪೈಪು ಅದೇ ಸಂದಿನಿಂದ ಸುತ್ತಲಿನ ಹೊಲಸು ನೀರನ್ನು ಒಳಗೆಳೆದುಕೊಳ್ಳುತ್ತದೆ. ಪಕ್ಕದಲ್ಲಿ ಚರಂಡಿಯಿದ್ದರೆ ಚರಂಡಿಯ ನೀರನ್ನೇ! ಮರುದಿನದ ಮೊದಲ ಕೊಡಕ್ಕೆ ಬೀಳುವುದು ಅದು. ನಳಕ್ಕೆ ನೇರವಾಗಿ ಮೋಟರು ಹಚ್ಚುವವರು ಈ ಎಳೆತವನ್ನು ಇನ್ನಷ್ಟು ಹೆಚ್ಚಿಸುತ್ತಾರೆ.

2022ರಲ್ಲಿ ರಾಯಚೂರು ನಗರದಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಎರಡೂ ಕಡೆ ನಳಗಳಿಗೆ ಕೊರತೆ ಇರಲಿಲ್ಲ.

2019ರಲ್ಲಿ ಆರಂಭವಾದ ಜಲಜೀವನ ಮಿಷನ್ನಿನಲ್ಲಿ ತಲೆಗೆ ದಿನಕ್ಕೆ 55 ಲೀಟರ್ ನೀರು ಎಂದು ಗೊತ್ತುಮಾಡಿದೆ. ನಮ್ಮ ರಾಜ್ಯದಲ್ಲಿ ಇದನ್ನೇ ‘ಮನೆ ಮನೆಗೆ ಗಂಗೆ’ ಎನ್ನುತ್ತಾರೆ. ನಿಮ್ಮ ಓಣಿಯ ಸೋರಿಕೆಯ ಕೆಳಗೆ 15 ಲೀಟರಿನ ಕೊಡ ಇಟ್ಟು ನೋಡಿ. ಹತ್ತು ನಿಮಿಷಕ್ಕೆ ತುಂಬಿದರೆ ಗಂಟೆಗೆ 90 ಲೀಟರ್, ಎರಡು ಗಂಟೆಗೆ 180 ಲೀಟರ್ ಮಣ್ಣುಪಾಲು. ಮೂವರ ಪಾಲಿಗಿಂತ ಹೆಚ್ಚು!

ಇದನ್ನು ನೋಡಿಕೊಳ್ಳುವವರು ಯಾರು? ಪಂಚಾಯತಿಯ ಅಡಿಯಲ್ಲಿ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ಇರಬೇಕು. ಸದಸ್ಯರು 10ರಿಂದ 15, ಅವರಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳು. ನಿಮ್ಮೂರಿನ ಸಮಿತಿಯಲ್ಲಿ ಯಾರಿದ್ದಾರೆಂದು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಹೆಸರು ಬರೀ ಕಾಗದದಲ್ಲಿದ್ದರೆ ಆಗಲೇ ತಿಳಿಯುತ್ತದೆ. ನೀರಿನ ಕರದ ಮಾತು ಬಂದರೆ ನಾವೆಲ್ಲ ಮುಖ ತಿರುಗಿಸುತ್ತೇವೆ, ನಾನೂ ಹೊರತಲ್ಲ. ಆದರೆ 300 ಮನೆಯವರು ತಿಂಗಳಿಗೆ 60 ರೂಪಾಯಿಯಂತೆ ಕೊಟ್ಟರೆಂದು ಲೆಕ್ಕ ಹಿಡಿಯಿರಿ, 18,000 ರೂಪಾಯಿ ಆಗುತ್ತದೆ. ನೀರು ಬಿಡುವವನ ಸಂಬಳ, ವಾಲ್ವಿನ ವಾಷರು, ಬ್ಲೀಚಿಂಗ್ ಪುಡಿ ಇವಕ್ಕೆ ಮೇಲಿನವರ ದಾರಿ ಕಾಯಬೇಕಾಗಿಲ್ಲ. ಲೆಕ್ಕವನ್ನು ಮಾತ್ರ ಚಾವಡಿಯ ಗೋಡೆಗೆ ಹಚ್ಚತಕ್ಕದ್ದು.

ಪುಡಿಯ ಅಳತೆ ಹೀಗೆ: ತಿಳಿಯಾದ ನೀರಿಗೆ ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ, ಅಂದರೆ 50 ಸಾವಿರ ಲೀಟರಿನ ಟಾಕಿಗೆ 125 ಗ್ರಾಂ. ಬಕೀಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಟಾಕಿಗೆ ಸುರಿಯಬೇಕು. ಒಂದು ಗಂಟೆ ಬಿಟ್ಟು ನೀರು ಹರಿಸಬೇಕು. ಬಾಯಿ ತೆರೆದಿಟ್ಟ ಚೀಲದ ಪುಡಿಗೆ ಸತ್ವ ಉಳಿಯದು. ಪರೀಕ್ಷೆಯನ್ನು ಟಾಕಿಯ ಬುಡದಲ್ಲಲ್ಲ, ಊರ ಕೊನೆಯ ನಳದಲ್ಲಿ ಮಾಡಿ. ಅಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಆದರೂ ಇರಬೇಕು.

ಇನ್ನು ಪಾಯಖಾನೆ. ಎರಡು ಗುಂಡಿಯದು ಒಳ್ಳೆಯದು. ಎರೆ ಮಣ್ಣು ನೀರನ್ನು ಬೇಗ ಹೀರುವುದಿಲ್ಲವಾದ್ದರಿಂದ ಗುಂಡಿಯ ಗೋಡೆಯ ಹೊರಗೆ ಸುತ್ತಲೂ ಒಂದಡಿ ಅಗಲಕ್ಕೆ ಮರಳು ಇಲ್ಲವೆ ಸಣ್ಣ ಗರಸು ತುಂಬಿಸಿ. ಇದನ್ನು ಬಿಟ್ಟದ್ದರಿಂದಲೇ ಎಷ್ಟೋ ಗುಂಡಿಗಳು ಮಳೆಗಾಲದಲ್ಲಿ ಉಕ್ಕಿ, ಜನ ಮತ್ತೆ ಬಯಲ ದಾರಿ ಹಿಡಿದಿದ್ದಾರೆ. ಬಾವಿ, ಬೋರಿನಿಂದ ಹತ್ತು ಮೀಟರಾದರೂ ದೂರವಿರಲಿ. ಒಂದು ಗುಂಡಿ ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ತುಂಬಿದ್ದನ್ನು ಎರಡು ವರ್ಷ ಮುಚ್ಚಿಡಿ. ಆ ಮೇಲೆ ಸಿಗುವುದು ವಾಸನೆಯಿಲ್ಲದ ಒಣ ಗೊಬ್ಬರ. ಅಗೆತವನ್ನು ಮಾತ್ರ ಬೇಸಿಗೆಯಲ್ಲೇ ಮುಗಿಸಿ; ಹಸಿ ಎರೆ ಮಣ್ಣಿನ ಗುಂಡಿ ಕುಸಿಯುತ್ತದೆ.