ಗಿರಣಿ ಮುಚ್ಚಿದ ಊರಿನ ಫುಟ್‌ಬಾಲ್

ಫಿನ್ಲೆಂಡಿನ ಆಗ್ನೇಯ ಭಾಗದ ಕ್ಯುಮಿ ನದಿಯ ದಂಡೆಯ ಊರುಗಳು ಬಹುಕಾಲ ಕಾಗದದ ಗಿರಣಿಗಳನ್ನೇ ನಂಬಿ ಬದುಕಿದವು. ಅಲ್ಲಿನ ಫುಟ್‌ಬಾಲ್ ಕ್ಲಬ್ಬುಗಳೂ ಹಾಗೆಯೇ. ಅಂಥ ಒಂದು ಊರು ಮ್ಯುಲ್ಯುಕೋಸ್ಕಿ. 1947ರಲ್ಲಿ ಅಲ್ಲಿ ಹುಟ್ಟಿದ ಮ್ಯುಪಾ ಕ್ಲಬ್ಬು 2005ರಲ್ಲಿ ದೇಶದ ಚಾಂಪಿಯನ್ ಆಯಿತು. 2011ರ ಕೊನೆಗೆ ಗಿರಣಿ ಮುಚ್ಚಿತು. 2015ರಲ್ಲಿ ಹಣದ ಮುಗ್ಗಟ್ಟಿನಿಂದ ಕ್ಲಬ್ಬು ಅಗ್ರ ಲೀಗನ್ನೇ ಬಿಟ್ಟುಕೊಡಬೇಕಾಯಿತು. ಆಮೇಲೆ ಕೆಳಗಿನ ಡಿವಿಜನ್ನುಗಳಲ್ಲಿ ಹೊಸದಾಗಿ ಆರಂಭಿಸಿ ಎರಡನೇ ಸ್ತರದವರೆಗೆ ಮತ್ತೆ ಹತ್ತಿತು. ಅಂಕಪಟ್ಟಿಯನ್ನಷ್ಟೇ ನೋಡುವವರಿಗೆ ಇದು ಸೋಲಿನ ಕಥೆ. ನನಗೆ ಹಾಗನ್ನಿಸುವುದಿಲ್ಲ. ಇಂಥ ಕ್ಲಬ್ಬಿನ ನಿಜವಾದ ದುಡಿಮೆ ಅದರ ಕಿರಿಯರ ತಂಡಗಳಲ್ಲಿದೆ, ಅದರ ಫಲ ಬಹುಪಾಲು ಬೇರೆಲ್ಲೋ ಕಾಣಿಸಿಕೊಳ್ಳುತ್ತದೆ.

ಸಾಮಿ ಹ್ಯೂಪಿಯಾ ಅವರನ್ನೇ ನೋಡಿ. ಹತ್ತು ವರ್ಷ ಲಿವರ್‌ಪೂಲಿನ ರಕ್ಷಣಾ ಪಂಕ್ತಿಯ ಆಧಾರವಾಗಿದ್ದು, 2005ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದ ಈ ಆಟಗಾರ ಬಾಲ್ಯದಲ್ಲಿ ಆಡಿದ್ದು ವೊಯಿಕ್ಕಾ ಎಂಬ ಇನ್ನೊಂದು ಗಿರಣಿ ಊರಿನ ಪುಟ್ಟ ಕ್ಲಬ್ಬಿನಲ್ಲಿ; ಮ್ಯುಪಾಗೆ ಬಂದದ್ದು ನಂತರ. ವೊಯಿಕ್ಕಾದ ಗಿರಣಿಯೂ 2006ರಲ್ಲಿ ಮುಚ್ಚಿತು. ಇದೇ ನದಿ ಸಮುದ್ರ ಸೇರುವ ಕೋತ್ಕಾ ಪಟ್ಟಣದ ಕೆಟಿಪಿ 1927ರಲ್ಲಿ ಕಾರ್ಮಿಕರು ಕಟ್ಟಿದ ಕ್ಲಬ್ಬು. ಅಲ್ಲಿ ಬೆಳೆದ ತೇಮು ಪುಕ್ಕಿ 2020ರ ಯೂರೋ ಕಪ್ಪಿನ ಅರ್ಹತಾ ಪಂದ್ಯಗಳಲ್ಲಿ ಹತ್ತು ಗೋಲು ಹೊಡೆದು, ಫಿನ್ಲೆಂಡಿನ ಪುರುಷರ ತಂಡವನ್ನು ಮೊದಲ ಬಾರಿಗೆ ದೊಡ್ಡ ಟೂರ್ನಿಗೆ ಕರೆದೊಯ್ದರು.

ಬೆಳೆಸುವವರು ಒಬ್ಬರು, ಲಾಭ ಪಡೆಯುವವರು ಇನ್ನೊಬ್ಬರು ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಇದು ಅರ್ಧ ನಿಜ. ಆಟಗಾರನೊಬ್ಬ ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಮಾರಾಟವಾದಾಗ, ಫಿಫಾ ನಿಯಮದಂತೆ ಆ ಮೊತ್ತದ ಶೇಕಡಾ 5ರಷ್ಟು ಅವನನ್ನು 12ರಿಂದ 23ರ ವಯಸ್ಸಿನಲ್ಲಿ ತರಬೇತುಗೊಳಿಸಿದ ಕ್ಲಬ್ಬುಗಳಿಗೆ ಹಂಚಿಕೆಯಾಗಬೇಕು. 12ರಿಂದ 15ರವರೆಗಿನ ನಾಲ್ಕು ವರ್ಷಗಳಿಗೆ ಸಿಗುವುದು ವರ್ಷಕ್ಕೆ ಶೇಕಡಾ 0.25 ಮಾತ್ರ. ಹತ್ತು ಲಕ್ಷ ಯೂರೋ ವ್ಯವಹಾರವಾದರೆ ಆ ನಾಲ್ಕು ವರ್ಷ ಕಲಿಸಿದ ಕ್ಲಬ್ಬಿಗೆ ಹತ್ತು ಸಾವಿರ ಯೂರೋ. ಚಿಕ್ಕ ಕ್ಲಬ್ಬಿಗೆ ಇದು ಸಣ್ಣ ಹಣವಲ್ಲ. ಆದರೆ ಇಂಥ ಮಾರಾಟ ಅಪರೂಪ, ಅದನ್ನು ನಂಬಿ ಬಜೆಟ್ ಹಾಕಲಾಗದು.

ಇದಕ್ಕಿಂತ ಗಂಭೀರವಾದ ಆಕ್ಷೇಪ ಶುಲ್ಕದ್ದು. ದೀರ್ಘ ಚಳಿಗಾಲದಲ್ಲಿ ಒಳಾಂಗಣದ ಬಾಡಿಗೆ, ಕೋಚುಗಳ ಸಂಬಳ, ಪ್ರಯಾಣ, ಇವುಗಳ ದೊಡ್ಡ ಪಾಲನ್ನು ಹೊರುವವರು ಪೋಷಕರು. ಕೆಲಸ ಕಳೆದುಕೊಂಡ ಮನೆಯ ಮಗು ಹೊರಗುಳಿಯುವ ಭಯ ಸುಳ್ಳಲ್ಲ, ಗಿರಣಿ ಮುಚ್ಚಿದ ಊರಿನಲ್ಲಂತೂ. ಇದಕ್ಕೆ ಕ್ಲಬ್ಬುಗಳ ಬಳಿ ಪೂರ್ತಿ ಉತ್ತರವಿಲ್ಲ. ಪುರಸಭೆಗಳು ಕ್ರೀಡಾಂಗಣವನ್ನು ಕಡಿಮೆ ದರಕ್ಕೆ ಕೊಡಲೇಬೇಕು. ಆದರೂ ತಂದೆತಾಯಂದಿರೇ ಸ್ವಯಂಸೇವಕರಾಗಿ ತಂಡ ನಡೆಸುವ ಊರಿನ ಕ್ಲಬ್ಬೇ ದೊಡ್ಡ ನಗರದ ಅಕಾಡೆಮಿಗಿಂತ ಬಡ ಮಗುವಿಗೆ ಹತ್ತಿರ.

ಹಾಗಾದರೆ ಕಿರಿಯರ ತಂಡಗಳನ್ನಷ್ಟೇ ಉಳಿಸಿಕೊಂಡು ಹಿರಿಯರದನ್ನು ಮುಚ್ಚಬಹುದಲ್ಲ? ಫಿನ್ಲೆಂಡಿನ ಹಲವು ಕ್ಲಬ್ಬುಗಳಲ್ಲಿ ವೃತ್ತಿಪರ ತಂಡವನ್ನು ಒಂದು ಕಂಪನಿಯೂ ಕಿರಿಯರನ್ನು ಪ್ರತ್ಯೇಕ ಸಂಘವೂ ನೋಡಿಕೊಳ್ಳುತ್ತವೆ. ಒಂದರ ಸಾಲ ಇನ್ನೊಂದನ್ನು ಮುಳುಗಿಸದಿರಲು ಲೆಕ್ಕ ಬೇರೆಯಾಗಿರುವುದು ಒಳ್ಳೆಯದೇ. ನಂಟು ಮಾತ್ರ ಕಡಿಯಬಾರದು. ಹದಿನೇಳರ ಹುಡುಗ ಬೆಳೆಯುವುದು ತನಗಿಂತ ಬಲವಾದ, ಅನುಭವಿ ಗಂಡಸರ ಎದುರು ಆಡಿದಾಗ; ಅಗ್ರ ಲೀಗಿನ ಕೋಚು ಅವನನ್ನು ಬೆಂಚಿನಲ್ಲಿ ಕೂರಿಸುತ್ತಾನೆ, ಮೂರನೇ ಡಿವಿಜನ್ನಿನ ಊರ ತಂಡ ಮುಂದಿನ ಶನಿವಾರವೇ ಕಣಕ್ಕಿಳಿಸುತ್ತದೆ.