ಅಂದವಾದ ಕೋಣೆಯಲ್ಲಿ ಗದ್ದಲವೇಕೆ?

ಬೆಳಗಾವಿಯ ಅನಗೋಳದಲ್ಲಿ ಹೊಸ ಮಾದರಿಯ ಉಪಾಹಾರಗೃಹವೊಂದು ತೆರೆದಿದೆಯೆಂದು ಭಾವಿಸೋಣ. ನುಣುಪಾದ ಕಲ್ಲುಹಾಸು, ಗಾಜಿನ ಗೋಡೆ, ಗಿಲಾವಿಲ್ಲದ ಕಾಂಕ್ರೀಟು ಛಾವಣಿ: ನೋಟಕ್ಕೆ ಎಲ್ಲವೂ ಸೊಗಸು. ಅಲ್ಲಿ ಉಣ್ಣುವವರುಂಟು, ಓದಿ ಬರೆಯುವವರುಂಟು, ಸಂಜೆ ಹಾಡು ಕೇಳುವವರೂ ಉಂಟು. ಆದರೆ ಜನ ಸೇರಿದೊಡನೆ ಎದುರಿಗಿರುವವರ ಮಾತೇ ತಿಳಿಯದಾಗುತ್ತದೆ. ಇದಕ್ಕೆ ಕಾರಣವೇನು?

ಶಬ್ದದ ಅಲೆ ಗಟ್ಟಿಯಾದ ಮೇಲ್ಮೈಗೆ ತಾಗಿದರೆ ಅದರ ಶಕ್ತಿಯ ಬಹುಭಾಗ ಹಿಂದಿರುಗುತ್ತದೆ. ಜಮಖಾನ, ದಪ್ಪ ಪರದೆಗಳ ಸಣ್ಣ ರಂಧ್ರಗಳಲ್ಲಾದರೋ ಕಂಪಿಸುವ ಗಾಳಿ ಎಳೆಗಳೊಡನೆ ಉಜ್ಜಿ, ಆ ಶಕ್ತಿ ಶಾಖವಾಗುತ್ತದೆ. ಮೂಲವು ನಿಂತ ಮೇಲೂ ಕೋಣೆಯಲ್ಲಿ ಉಳಿಯುವ ಧ್ವನಿಗೆ ಅನುರಣನವೆಂದು ಹೆಸರು. ಅದರ ತೀವ್ರತೆ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ, ಅಂದರೆ 60 ಡೆಸಿಬೆಲ್ ಇಳಿಯಲು ಹಿಡಿಯುವ ಸಮಯವೇ ಅನುರಣನಕಾಲ.

1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಉಪನ್ಯಾಸಮಂದಿರವೊಂದರಲ್ಲಿ ಆಡಿದ ಮಾತು ಸುಮಾರು 5½ ಸೆಕೆಂಡು ಕೇಳಿಸುತ್ತಿತ್ತು. ಅದನ್ನು ಸರಿಪಡಿಸಲು ಹೊರಟ ವಾಲೇಸ್ ಸೇಬಿನ್, ಆಸನಗಳ ಮೆತ್ತೆಗಳನ್ನು ತಂದಿರಿಸಿ ಪ್ರಯೋಗ ನಡೆಸಿದನು. ಆತನು ಕಂಡ ನಿಯಮ ಸರಳವಾದುದು. ಪ್ರತಿಯೊಂದು ಮೇಲ್ಮೈಯ ಚದರ ಮೀಟರುಗಳನ್ನು ಅದು ಹೀರುವ ಪಾಲಿನಿಂದ ಗುಣಿಸಿ ಕೂಡಿಸಿದರೆ ಒಟ್ಟು ಹೀರಿಕೆ. ಕೋಣೆಯ ಘನ ಮೀಟರುಗಳನ್ನು 0.161ರಿಂದ ಗುಣಿಸಿ ಈ ಹೀರಿಕೆಯಿಂದ ಭಾಗಿಸಿದರೆ ಅನುರಣನಕಾಲವು ಸೆಕೆಂಡುಗಳಲ್ಲಿ ದೊರೆಯುತ್ತದೆ.

ನಮ್ಮ ಉಪಾಹಾರಗೃಹವು 10 ಮೀಟರು ಉದ್ದ, 8 ಅಗಲ, 4 ಎತ್ತರವಿರಲಿ. ಎಲ್ಲ ಮೇಲ್ಮೈಗಳೂ ನೂರಕ್ಕೆ 5 ಪಾಲು ಮಾತ್ರ ಹೀರಲಿ. ಜನರನ್ನೂ ಪೀಠೋಪಕರಣಗಳನ್ನೂ ಬಿಟ್ಟು ಲೆಕ್ಕ ಹಾಕಿದರೆ ಅನುರಣನಕಾಲ ಸುಮಾರು 3.4 ಸೆಕೆಂಡು! ಒಂದು ಪದ ಅಡಗುವ ಮುನ್ನ ಹತ್ತು ಪದಗಳು ಅದರ ಮೇಲೆ ಬೀಳುತ್ತವೆ. ಗದ್ದಲದಲ್ಲಿ ಮನುಷ್ಯನು ತಾನರಿಯದೆಯೇ ದನಿ ಏರಿಸುವನೆಂದು ಫ್ರಾನ್ಸಿನ ವೈದ್ಯ ಲೊಂಬಾರ್ 1911ರಲ್ಲಿ ತೋರಿಸಿದನು. ಒಬ್ಬನು ಏರಿಸಿದರೆ ಪಕ್ಕದವನೂ ಏರಿಸುವನು. ಇದರಿಂದ ಹೆಚ್ಚು ಬಾಧೆಗೊಳಗಾಗುವವರು ಕಿವಿ ಮಂದವಾದ ಹಿರಿಯರು. ಅವರು ಸುಮ್ಮನೆ ತಲೆಯಾಡಿಸಿ ಮೌನವಾಗುವರು.

ಪರಿಹಾರವೇನೂ ಕಠಿಣವಲ್ಲ. ಛಾವಣಿಗೆ ಮಾತ್ರ ನೂರಕ್ಕೆ 60 ಪಾಲು ಹೀರುವ ರಂಧ್ರಮಯ ಫಲಕಗಳನ್ನು ಹೊದಿಸಿದರೆ ಅನುರಣನಕಾಲ 0.9 ಸೆಕೆಂಡಿಗೆ ಇಳಿಯುತ್ತದೆ. ಗದ್ದಲವೂ ಸುಮಾರು 6 ಡೆಸಿಬೆಲ್ ತಗ್ಗುತ್ತದೆ.

ಹಾಗೆಂದು ಎಲ್ಲ ಧ್ವನಿಯನ್ನೂ ಹೀರಿಬಿಡುವುದು ಸಲ್ಲದು. ಮಾತಿಗೆ ಸುಮಾರು 1 ಸೆಕೆಂಡು ಹಿತವಾದರೆ, ಪಾಶ್ಚಾತ್ಯ ವಾದ್ಯವೃಂದಕ್ಕೆ ಸುಮಾರು 2 ಸೆಕೆಂಡು ಬೇಕು. ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಗಾಯಕ ಕುಮಾರ ಗಂಧರ್ವರ ಹೆಸರಿನ ರಂಗಮಂದಿರ ಬೆಳಗಾವಿಯಲ್ಲಿದೆ. ಅಂತಹ ಸಭಾಂಗಣದಲ್ಲಿ ನಾಟಕವೂ ಗಾಯನವೂ ನಡೆಯಬೇಕಾದಾಗ, ಎರಡಕ್ಕೂ ಒಪ್ಪುವ ನಡುವಣ ಕಾಲವನ್ನು ಶಿಲ್ಪಿಗಳು ಆರಿಸಬೇಕಾಗುತ್ತದೆ.

ವಾಚಕರು ಬರಿದಾದ ಕೋಣೆಯಲ್ಲೊಮ್ಮೆ, ಹಾಸಿಗೆ ಬಟ್ಟೆಗಳಿರುವ ಕೋಣೆಯಲ್ಲೊಮ್ಮೆ ಚಪ್ಪಾಳೆ ತಟ್ಟಿ ಕೇಳಲಿ. ಸೇಬಿನ್‌ನ ನಿಯಮ ಕಿವಿಗೇ ತಿಳಿಯುವುದು.