ನಿಮಗಿದು ಗೊತ್ತೇ? ಮೌತ್ ಆರ್ಗನ್‌ನಲ್ಲಿ ರೈಲು ಓಡಿಸಿದ ಡಿಫೋರ್ಡ್ ಬೇಯ್ಲಿ

* ಕಂಟ್ರಿ ಸಂಗೀತ ಎಂದೊಡನೆ ನಮಗೆ ನೆನಪಾಗುವುದು ಅಗಲ ಹ್ಯಾಟಿನ ಬಿಳಿಯ ಗಾಯಕ, ಹೆಗಲಿಗೊಂದು ಗಿಟಾರು. ಆದರೆ ಅಮೆರಿಕದ ರೇಡಿಯೊದಲ್ಲಿ ಆ ಸಂಗೀತಕ್ಕೆ ಹೆಸರು ತಂದ ಮೊದಮೊದಲ ತಾರೆಗಳಲ್ಲಿ ಒಬ್ಬರು ಕಪ್ಪು ಜನಾಂಗದ ಡಿಫೋರ್ಡ್ ಬೇಯ್ಲಿ. ಎತ್ತರ ಐದಡಿಗೂ ಕಡಿಮೆ, ಕೈಯಲ್ಲಿ ಒಂದು ಮೌತ್ ಆರ್ಗನ್.

* ಹುಟ್ಟಿದ್ದು 1899ರಲ್ಲಿ, ಟೆನೆಸಿ ರಾಜ್ಯದ ಸ್ಮಿತ್ ಕೌಂಟಿಯಲ್ಲಿ. ಅಜ್ಜ ಪಿಟೀಲು ವಾದಕ. ಮೂರನೇ ವಯಸ್ಸಿಗೇ ಪೋಲಿಯೊ ಬಡಿಯಿತು. ಸುಮಾರು ಒಂದು ವರ್ಷ ಹಾಸಿಗೆ ಹಿಡಿದ ಮಗು, ಹೊರಗೆ ಬೊಗಳುವ ಬೇಟೆನಾಯಿಗಳ ಸದ್ದು, ದೂರದ ರೈಲಿನ ಸದ್ದು ಎಲ್ಲವನ್ನೂ ಮಲಗಿದಲ್ಲೇ ಮೌತ್ ಆರ್ಗನ್‌ಗೆ ಇಳಿಸತೊಡಗಿತು.

* ಆ ರೈಲಿನ ಗುಟ್ಟೇನು? ಶಾಲೆಯ ದಾರಿಯಲ್ಲಿ ರೈಲ್ವೆ ಸೇತುವೆ ಇತ್ತು. ಹುಡುಗ ಅದರಡಿ ಹೋಗಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ತಲೆಯ ಮೇಲೆ ಗಾಡಿ ಹಾದುಹೋಗುವುದನ್ನು ಕೇಳಿಸಿಕೊಂಡು ದಿನವಿಡೀ ಅದನ್ನೇ ನುಡಿಸುತ್ತಿದ್ದ. ಉಸಿರು ಎಳೆದಾಗಲೂ ಸ್ವರ, ಬಿಟ್ಟಾಗಲೂ ಸ್ವರ. ಮೌತ್ ಆರ್ಗನ್‌ನ ಈ ಗುಣವೇ ಎಂಜಿನ್ನಿನ ಲಯಕ್ಕೆ ಒದಗಿಬಂತು.

* 1927ರ ಡಿಸೆಂಬರ್ 10. ನ್ಯಾಶ್‌ವಿಲ್‌ನ ಡಬ್ಲ್ಯುಎಸ್‌ಎಂ ಕೇಂದ್ರದಲ್ಲಿ ಶಾಸ್ತ್ರೀಯ ಸಂಗೀತದ ಗಂಟೆ ಮುಗಿದು ಹಳ್ಳಿ ಸಂಗೀತದ ಸರದಿ ಬಂತು. ಬೇಯ್ಲಿ ತಮ್ಮ ‘ಪ್ಯಾನ್ ಅಮೆರಿಕನ್ ಬ್ಲೂಸ್’ ನುಡಿಸಿದರು. ಅಲ್ಲಿಯವರೆಗೆ ನೀವು ಕೇಳಿದ್ದು ಗ್ರ್ಯಾಂಡ್ ಆಪೆರಾ, ಇನ್ನು ಮುಂದೆ ‘ಗ್ರ್ಯಾಂಡ್ ಓಲ್ ಆಪ್ರಿ’ ಎಂದು ನಿರೂಪಕ ಜಾರ್ಜ್ ಹೇ ತಮಾಷೆ ಮಾಡಿದರು. ಆ ತಮಾಷೆಯೇ ಕಾರ್ಯಕ್ರಮದ ಹೆಸರಾಯಿತು. ಇವತ್ತಿಗೂ ಅದೇ ಹೆಸರು!

* ಮರುವರ್ಷ, 1928ರಲ್ಲಿ, ಆ ಕಾರ್ಯಕ್ರಮದ 52 ವಾರಗಳಲ್ಲಿ 49 ವಾರ ಬೇಯ್ಲಿ ಹಾಜರ್. ಬೇರೆ ಯಾರಿಗೂ ಅಷ್ಟು ಸಲ ಅವಕಾಶ ಸಿಗಲಿಲ್ಲ. ಅದೇ ವರ್ಷ ವಿಕ್ಟರ್ ಕಂಪನಿ ನ್ಯಾಶ್‌ವಿಲ್‌ನಲ್ಲಿ ಮುದ್ರಿಸಿಕೊಂಡ ಮೊದಮೊದಲ ರೆಕಾರ್ಡುಗಳಲ್ಲೂ ಇವರ ವಾದನವಿದೆ.

* ರಾಯ್ ಅಕಫ್, ಬಿಲ್ ಮನ್ರೊ ಜೊತೆ ಪ್ರವಾಸ ಹೋದರೆ ಜನ ಕಿಕ್ಕಿರಿಯುತ್ತಿದ್ದರು. ರಾತ್ರಿಯಾದರೆ ಮಾತ್ರ ಬಿಳಿಯರ ಹೋಟೆಲಿನ ಬಾಗಿಲು ಬಂದ್. ಇವನು ನಮ್ಮ ಆಳು ಎಂದು ಸುಳ್ಳು ಹೇಳಿ ಜೊತೆಯವರು ಒಳಗೆ ಸೇರಿಸಿದ್ದೂ ಉಂಟು.

* 1941ರಲ್ಲಿ ಹಾಡುಗಳ ಪರವಾನಗಿ ಶುಲ್ಕದ ಜಗಳ. ಬೇಯ್ಲಿಯವರ ಹೆಸರಾಂತ ಹಾಡುಗಳನ್ನು ರೇಡಿಯೊದಲ್ಲಿ ನುಡಿಸುವಂತಿರಲಿಲ್ಲ, ಕೆಲಸವೂ ಹೋಯಿತು. ನಾಲ್ಕು ವರ್ಷದ ಬಳಿಕ ಅದೇ ಜಾರ್ಜ್ ಹೇ ತಮ್ಮ ಪುಸ್ತಿಕೆಯಲ್ಲಿ, ಹೊಸದನ್ನು ಕಲಿಯಲು ಬೇಯ್ಲಿಗೆ ಸೋಮಾರಿತನ ಎಂದು ಬರೆದು, ಅದಕ್ಕೆ ಜನಾಂಗವನ್ನೂ ಎಳೆದು ತಂದರು. ನಾಮಕರಣ ಮಾಡಿದ ಬಾಯಿಗೆ ಇದು ಶೋಭಿಸುವ ಮಾತಲ್ಲ. ‘ಸೋಮಾರಿ’ ಆಮೇಲೆ ನ್ಯಾಶ್‌ವಿಲ್‌ನಲ್ಲಿ ಬೂಟ್ ಪಾಲಿಶ್ ಅಂಗಡಿ ನಡೆಸಿ ಸಂಸಾರ ತೂಗಿಸಿದರು.

* 1974ರಲ್ಲಿ ಆಪ್ರಿ ವೇದಿಕೆಗೆ ಮತ್ತೆ ಕರೆ ಬಂತು. 1982ರಲ್ಲಿ ನಿಧನ.

* ಆಪ್ರಿಯಲ್ಲಿ ಬೇಯ್ಲಿ ನಂತರ ಹೆಸರು ಮಾಡಿದ ಕಪ್ಪು ಗಾಯಕ ಚಾರ್ಲಿ ಪ್ರೈಡ್ ಅಲ್ಲಿ ಮೊದಲ ಬಾರಿ ಹಾಡಿದ್ದು 1967ರಲ್ಲಿ. ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಪ್ರೈಡ್ ಅವರನ್ನು 2000ರಲ್ಲಿ ಸೇರಿಸಿಕೊಂಡಿತು. ಅವರಿಗಿಂತ ನಾಲ್ಕು ದಶಕ ಮೊದಲೇ ನುಡಿಸಿದ್ದ ಬೇಯ್ಲಿ ಸರದಿ ಬಂದದ್ದು 2005ರಲ್ಲಿ.